ಜನಪ್ರಿಯ ಸಂಸ್ಕೃತಿಯ ಸಮಾಜಶಾಸ್ತ್ರ: ಕೊಡಗಿನ ನೆಲೆಯಿಂದ ಕೆಲವು ಪರಿಕಲ್ಪನೆಗಳು

ಸಿನಿಮಾ, ಕ್ರೀಡೆ, ಹಬ್ಬದ ಮೆರವಣಿಗೆ, ಮದುವೆಯ ಊಟ, ಉಡುಗೆ, ಪ್ರವಾಸ, ಮೊಬೈಲಿನಲ್ಲಿ ಓಡಾಡುವ ಹಾಡು, ಹೀಗೆ ಬಹುಜನರು ದಿನನಿತ್ಯ ಬಳಸುವ, ಕೊಳ್ಳುವ, ಹಂಚಿಕೊಳ್ಳುವ ಅಭಿರುಚಿ ಮತ್ತು ಆಚರಣೆಗಳ ಒಟ್ಟು ಮೊತ್ತವನ್ನು ಜನಪ್ರಿಯ ಸಂಸ್ಕೃತಿ ಎನ್ನುತ್ತಾರೆ. ಶಿಷ್ಟ ಸಂಸ್ಕೃತಿ ಮತ್ತು ಜಾನಪದ ಎಂಬ ಎರಡು ಹಳೆಯ ವಿಭಾಗಗಳ ನಡುವೆ ಇದು ಮೂರನೆಯದೆಂದು ಪಠ್ಯಪುಸ್ತಕಗಳು ವಿಂಗಡಿಸುವುದುಂಟು. ಕೊಡಗಿನಂಥ ಜಿಲ್ಲೆಯಲ್ಲಿ ಈ ವಿಂಗಡಣೆ ಬಹಳ ದೂರ ಸಾಗುವುದಿಲ್ಲ. ಸುಗ್ಗಿ ಹಬ್ಬವಾದ ಪುತ್ತರಿಯ ಕೋಲಾಟ ಊರಿನ ಬಯಲಾದ ಮಂದ್‌ನಲ್ಲಿ ನಡೆದಾಗ ಜಾನಪದ, ಮಡಿಕೇರಿಯ ಕೋಟೆಯ ಆವರಣದಲ್ಲಿ ನಡೆದಾಗ ಸಾರ್ವಜನಿಕ ಪ್ರದರ್ಶನ, ಅದೇ ಹೆಜ್ಜೆ ಇನ್‌ಸ್ಟಾಗ್ರಾಮಿಗೆ ಬಂದಾಗ ಇನ್ನೊಂದು. ಆಡುವವರು ಮಾತ್ರ ಅವರೇ.

ಭಾರತದ ಸಮಾಜಶಾಸ್ತ್ರಕ್ಕೆ ಕೊಡಗು ಹೊಸ ಊರೇನಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ (1916–1999) ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ವಿದ್ಯಾರ್ಥಿಯಾಗಿದ್ದಾಗ ಕೊಡವರ ನಡುವೆ ಕ್ಷೇತ್ರಕಾರ್ಯ ಮಾಡಿದರು. ಅದೇ ಸಾಮಗ್ರಿಯನ್ನು ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಕೈಕೆಳಗೆ ಮತ್ತೆ ಕಡೆದು, ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು 1952ರಲ್ಲಿ ಪ್ರಕಟಿಸಿದರು. ದೇಶದ ಎಲ್ಲ ವಿಶ್ವವಿದ್ಯಾಲಯಗಳ ಪಠ್ಯಕ್ಕೂ ಹೋದ ಒಂದು ಪರಿಕಲ್ಪನೆ ಹುಟ್ಟಿದ್ದು ಈ ಪುಸ್ತಕದಲ್ಲಿ. ಅಷ್ಟೇ ಬೆಲೆಯುಳ್ಳ ಇನ್ನೊಂದು ಅದರಲ್ಲೇ ಉಳಿದುಬಿಟ್ಟಿತು. ಕೊಡಗಿನ ಇಂದಿನ ಜನಪ್ರಿಯ ಸಂಸ್ಕೃತಿಗೆ ಹೆಚ್ಚು ಒದಗುವುದು ಈ ಎರಡನೆಯದು.

ಸಂಸ್ಕೃತೀಕರಣ ಮತ್ತು ಆಚರಣೆಯ ನುಡಿಗಟ್ಟು

ಪ್ರಸಿದ್ಧವಾದದ್ದು ಸಂಸ್ಕೃತೀಕರಣ. ಜಾತಿಯ ಏಣಿಯಲ್ಲಿ ಕೆಳಗಿರುವ ಗುಂಪೊಂದು ಮಾಂಸ, ಮದ್ಯ ಬಿಟ್ಟು, ಮೇಲಿನವರ ವಿಧಿ ಮತ್ತು ದೇವತೆಗಳನ್ನು ತನ್ನದಾಗಿಸಿಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವ ಪ್ರಕ್ರಿಯೆ ಇದು. ಕೊಡಗಿನಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನ ಅಮ್ಮಕೊಡವರು. ಅವರು ಜನಿವಾರ ತೊಟ್ಟರು, ಸಸ್ಯಾಹಾರಿಗಳಾದರು, ಉಳಿದ ಕೊಡವರಿಂದ ಬೇರೆಯಾಗಿ ನಿಂತರು. ಆದರೆ ಬಹುಸಂಖ್ಯೆಯ ಕೊಡವರ ಮಟ್ಟಿಗೆ ಬಾಣ ಇನ್ನೊಂದು ದಿಕ್ಕಿಗೂ ತಿರುಗಿತ್ತು. 1834ರಲ್ಲಿ ಬ್ರಿಟಿಷರು ಹಾಲೇರಿ ಅರಸರ ರಾಜ್ಯವನ್ನು ವಶಪಡಿಸಿಕೊಂಡ ಮೇಲೆ ಬಂದ ಕಾಫಿ ತೋಟ, ಮಿಷನ್ ಶಾಲೆ, ಸೇನೆಯ ಕಮಿಷನ್ ಮತ್ತು ಕ್ಲಬ್ಬು ಅವರನ್ನು ಶ್ರೀನಿವಾಸರೇ ಪಾಶ್ಚಾತ್ಯೀಕರಣ ಎಂದು ಕರೆದ ಹಾದಿಗೆ ತಂದವು.

ಇಂದಿನ ಚಿತ್ರ ನೋಡಿದರೆ ಸಂಸ್ಕೃತೀಕರಣದ ಸೂತ್ರ ತಲೆಕೆಳಗಾದಂತಿದೆ. ಕೊಡಗಿನ ಹೆಸರಿನಲ್ಲಿ ಬೆಂಗಳೂರಿನ ಹೋಟೆಲುಗಳು ಮಾರುವುದು ಕಾಚಂಪುಳಿ ಹಿಂಡಿದ ಪಂದಿ ಕರಿ ಮತ್ತು ಕಡಂಬುಟ್ಟನ್ನು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು, ತೆಂಗಿನಕಾಯಿಗೆ ಗುರಿಯಿಡುವುದನ್ನು ಟಿವಿ ವಾಹಿನಿಗಳು ತೋರಿಸುತ್ತವೆ. ಸಸ್ಯಾಹಾರದ ಮೂಲಕ ಮರ್ಯಾದೆ ಗಳಿಸುವ ಕಾಲದಲ್ಲಿ ಮರೆಯಲ್ಲಿಡಬೇಕಾಗಿದ್ದದ್ದೇ ಇಲ್ಲಿ ಗುರುತಿನ ಚೀಟಿಯಾಗಿದೆ. ಇದನ್ನು ಪಾಶ್ಚಾತ್ಯೀಕರಣವೆಂದು ಕರೆದರೂ ಹೊಂದದು. ಹಂದಿ, ಕೋವಿ, ಒಡಿಕತ್ತಿ ಲಂಡನ್ನಿನಿಂದ ಬಂದವಲ್ಲ.

ಇಲ್ಲಿ ನೆರವಿಗೆ ಬರುವುದು ಅದೇ ಗ್ರಂಥದ ಮತ್ತೊಂದು ಪರಿಕಲ್ಪನೆ, ಆಚರಣೆಯ ನುಡಿಗಟ್ಟು. ಕೊಡವರಲ್ಲಿ ಮಂಗಲ ಎಂಬ ವಿಧಿ ಮದುವೆಗೆ ಮಾತ್ರ ಮೀಸಲಾಗಿರಲಿಲ್ಲವೆಂದು ಶ್ರೀನಿವಾಸ್ ಗಮನಿಸಿದರು. ಬಸುರಿಗೂ ಮಂಗಲ, ಹೊಸ ಮನೆ ಕಟ್ಟಿದವನಿಗೂ ಮಂಗಲ, ಹುಲಿ ಕೊಂದವನಿಗೆ ನರಿ ಮಂಗಲ (ಕೊಡವರ ನುಡಿಯಲ್ಲಿ ನರಿ ಎಂದರೆ ಹುಲಿ). ಸಂದರ್ಭ ಬೇರೆಯಾದರೂ ಉಡುಗೆ, ಹರಸುವ ಅಕ್ಕಿ, ದೀಪ, ಹಾಡು, ಸುತ್ತ ನೆರೆಯುವ ಬಂಧುಗಳು ಇವೆಲ್ಲ ಅವೇ. ವಿಧಿಗಳಿಗೊಂದು ವ್ಯಾಕರಣವಿದೆ, ಅದನ್ನು ಹೊಸ ವಾಕ್ಯಕ್ಕೂ ಬಳಸಬಹುದು ಎಂಬುದು ಇದರ ತಾತ್ಪರ್ಯ. ಶ್ರೀನಿವಾಸರಿಗೆ ಇದು ಸಮಾಜದ ಒಗ್ಗಟ್ಟನ್ನು ವಿವರಿಸುವ ಸಾಧನವಾಗಿತ್ತು. ಜನಪ್ರಿಯ ಸಂಸ್ಕೃತಿಯ ಅಭ್ಯಾಸಿಗೆ ಇದು ಬದಲಾವಣೆಯನ್ನು ವಿವರಿಸುವ ಸಾಧನವಾಗುತ್ತದೆ. ನರಿ ಮಂಗಲಕ್ಕೆ ಈಗ ಹುಲಿಯಿಲ್ಲ. ಆದರೆ ಅದೇ ಕುಪ್ಯ-ಚೇಲೆಯ ಉಡುಗೆ, ಅದೇ ಪೀಚೆಕತ್ತಿ, ಅದೇ ದುಡಿಯ ಬಡಿತ ಹಾಕಿ ಮೈದಾನದ ಉದ್ಘಾಟನೆಯಲ್ಲಿ ಇವೆ.

ಒಕ್ಕ ಮತ್ತು ಕಪ್

ಕೊಡವ ಸಮಾಜದ ಮೂಲ ಘಟಕ ಒಕ್ಕ. ಒಂದೇ ಕಾರೋಣನಿಂದ ಇಳಿದ ಪಿತೃವಂಶದ ಕುಟುಂಬಗಳು, ಅವುಗಳಿಗೊಂದು ಮನೆಹೆಸರು, ಮೂಲಮನೆಯಾದ ಒಂದು ಐನ್‌ಮನೆ, ಹಿರಿಯನಾದ ಒಬ್ಬ ಪಟ್ಟೆದಾರ. ಕೂಡು ಕುಟುಂಬದ ಆಸ್ತಿ ಹಂಚಿಹೋಗಿ, ಮಕ್ಕಳು ಬೆಂಗಳೂರು, ಮೈಸೂರು ಸೇರಿ, ಐನ್‌ಮನೆಗೆ ವರ್ಷಕ್ಕೊಮ್ಮೆ ಬೀಗ ತೆಗೆಯುವ ಸ್ಥಿತಿ 20ನೇ ಶತಮಾನದ ಉತ್ತರಾರ್ಧದಲ್ಲಿ ಬಂದಾಗ, ಆಧುನಿಕತೆ ರಕ್ತಸಂಬಂಧದ ಸಂಸ್ಥೆಗಳನ್ನು ಕರಗಿಸುತ್ತದೆ ಎಂಬ ಹಳೆಯ ಸಮಾಜಶಾಸ್ತ್ರದ ಮಾತು ಇಲ್ಲಿಯೂ ನಿಜವಾಗುವಂತಿತ್ತು.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳುತನದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಮೊದಲಾಯಿತು. ಆಗ ಆಡಿದ್ದು 60 ಕುಟುಂಬಗಳು. ಮುಂದೆ ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುವುದು, ಕಪ್ಪಿಗೆ ಆ ಒಕ್ಕದ ಹೆಸರೇ ಇರುವುದು ರೂಢಿಯಾಯಿತು. 2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್ಪಿಗೆ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬಂದವು. ಅದೇ ವರ್ಷದ ಆಗಸ್ಟಿನ ಭೂಕುಸಿತ, ಆಮೇಲೆ ಕೋವಿಡ್ ಸೇರಿ ಕೆಲವು ವರ್ಷ ಮೈದಾನ ಖಾಲಿ ಬಿತ್ತು. 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್, 2024ರಲ್ಲಿ 360 ಕುಟುಂಬಗಳ ಕುಂಡ್ಯೋಳಂಡ ಕಪ್ ಮತ್ತು ಅದರ ಜೊತೆಗೆ ಗಿನ್ನೆಸ್ ದಾಖಲೆ, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್. ಒಂದು ತಂಡದಲ್ಲಿ ಒಲಿಂಪಿಕ್ಸ್ ಆಡಿದವರಿರಬಹುದು, ಶಾಲೆಯ ಹುಡುಗನಿರಬಹುದು, ಸೊಂಟಕ್ಕೆ ಸೆರಗು ಬಿಗಿದ ಚಿಕ್ಕಮ್ಮನೂ ಇರಬಹುದು. ತಂಡದ ಅರ್ಹತೆ ಆಟದ ಚಾತುರ್ಯವಲ್ಲ, ಮನೆಹೆಸರು.

ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರಲ್ಲಿ ಸಂಪಾದಿಸಿದ ಗ್ರಂಥ ಆವಿಷ್ಕೃತ ಪರಂಪರೆ ಎಂಬ ಮಾತನ್ನು ಚಲಾವಣೆಗೆ ತಂದಿತು. ತೀರ ಹಳೆಯದೆಂದು ಕಾಣುವ ಅನೇಕ ವಿಧಿಗಳು ನಿನ್ನೆ ಮೊನ್ನೆಯವು, ಭೂತಕಾಲದ ಜೊತೆ ನಂಟು ಇದೆಯೆಂದು ತೋರಿಸಲು ಬೇಕೆಂದೇ ರೂಪಿಸಿದವು ಎಂಬುದು ಅದರ ವಾದ. ಹಾಕಿ ಹಬ್ಬಕ್ಕೆ ಈ ಹಣೆಪಟ್ಟಿ ಅರ್ಧ ಮಾತ್ರ ಒಪ್ಪುತ್ತದೆ. ಹಬ್ಬ ಹೊಸದೆಂಬುದನ್ನು ಯಾರೂ ಮುಚ್ಚಿಟ್ಟಿಲ್ಲ, ಇಸವಿ ಸಮೇತ ಹೇಳುತ್ತಾರೆ. ಹಳೆಯದಾಗಿರುವುದು ಅದರ ನುಡಿಗಟ್ಟು. ಒಕ್ಕವನ್ನು ಎಣಿಸುವುದು, ಹಿರಿಯರನ್ನು ಮುಂದೆ ಕೂರಿಸುವುದು, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ಎಲ್ಲ ಮೊದಲೇ ಇದ್ದವು. ಕಪ್ಪಿನ ನೆಪದಲ್ಲಿ ಬೀಗ ಹಾಕಿದ್ದ ಐನ್‌ಮನೆಗಳಲ್ಲಿ ಸಭೆಗಳು ಸೇರಿದವು, ವಂಶವೃಕ್ಷಗಳು ಬರೆಯಲ್ಪಟ್ಟವು, ಒಕ್ಕಕ್ಕೊಂದರಂತೆ ವಾಟ್ಸಾಪ್ ಗುಂಪು ಹುಟ್ಟಿತು. ಮನರಂಜನೆ ರಕ್ತಸಂಬಂಧವನ್ನು ಕರಗಿಸುವ ಬದಲು ಅದಕ್ಕೆ ವೇಳಾಪಟ್ಟಿ ಹಾಕಿಕೊಟ್ಟಿತು.

ಎಮಿಲ್ ಡರ್ಖೈಮ್ 1912ರಲ್ಲಿ ಬರೆದ ಸಾಮೂಹಿಕ ಆವೇಶದ ಪರಿಕಲ್ಪನೆಯೂ ಇಲ್ಲಿ ಅನ್ವಯವಾಗುತ್ತದೆ. ಚದುರಿ ಬದುಕುವ ಜನ ಒಂದೆಡೆ ಸೇರಿದಾಗ ಹುಟ್ಟುವ ಉಬ್ಬರದಲ್ಲಿ ಸಮಾಜ ತನ್ನನ್ನೇ ಪೂಜಿಸಿಕೊಳ್ಳುತ್ತದೆ ಎಂದು ಅವನು ಹೇಳಿದ್ದು ಆಸ್ಟ್ರೇಲಿಯದ ಮೂಲನಿವಾಸಿಗಳ ಸಂದರ್ಭದಲ್ಲಿ. ಫೈನಲ್ ದಿನ ಗ್ಯಾಲರಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆನೆಡಿಕ್ಟ್ ಆ್ಯಂಡರ್‌ಸನ್ 1983ರಲ್ಲಿ ಮಂಡಿಸಿದ ಕಲ್ಪಿತ ಸಮುದಾಯ ಎಂಬುದು ಮುಖ ನೋಡಿ ಅರಿಯದವರೂ ತಾವೊಂದು ಎಂದು ಭಾವಿಸುವ ಬಗೆ. ಅವನಲ್ಲಿ ಆ ಕೆಲಸ ಮಾಡುವುದು ಪತ್ರಿಕೆ ಮತ್ತು ಕಾದಂಬರಿ. ಕೊಡಗಿನಲ್ಲಿ ಪಂದ್ಯದ ನೇರಪ್ರಸಾರ ಮತ್ತು ಮರುದಿನದ ಫಲಿತಾಂಶ ಪಟ್ಟಿಗೂ ಅದರಲ್ಲೊಂದು ಪಾಲಿದೆ. ಕೆನಡಾದಲ್ಲಿರುವವರೂ ತಮ್ಮ ಒಕ್ಕ ಎಷ್ಟನೇ ಸುತ್ತಿಗೆ ಹೋಯಿತೆಂದು ನೋಡುತ್ತಾರೆ. ಕುತೂಹಲದ ಸಂಗತಿಯೆಂದರೆ, ಈ ಮಾದರಿ ಜಾತಿಯ ಗಡಿ ದಾಟಿತು. ಅರೆಭಾಷೆ ಗೌಡ ಕುಟುಂಬಗಳು, ಕೊಡವ ಮುಸ್ಲಿಂ ಕುಟುಂಬಗಳು ಕ್ರಿಕೆಟ್ಟಿನಲ್ಲಿ ಇಂಥದೇ ಕೂಟ ನಡೆಸಿದವು.

ಹಾಕಿಯೇ ಏಕೆ ಎಂಬುದಕ್ಕೆ ಪಿಯರ್ ಬೋರ್ದಿಯೂ ಅವರ ಹ್ಯಾಬಿಟಸ್ ಮತ್ತು ಸಾಂಸ್ಕೃತಿಕ ಬಂಡವಾಳ ಎಂಬ ಪರಿಕಲ್ಪನೆಗಳು ಬೇಕಾಗುತ್ತವೆ. ಅಭಿರುಚಿ ವೈಯಕ್ತಿಕವೆಂದು ಕಂಡರೂ ಅದು ವರ್ಗದ ಪಾಲನೆಯಿಂದ ಮೈಗೂಡಿದ್ದು, ಅದನ್ನು ಹಣದಂತೆಯೇ ಚಲಾಯಿಸಬಹುದು ಎಂದು ಅವರು 1979ರ ಗ್ರಂಥದಲ್ಲಿ ವಾದಿಸಿದರು. ಕೊಡಗಿನಲ್ಲಿ ಈ ಬಂಡವಾಳದ ಟಂಕಸಾಲೆ ಸೇನೆ. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 1957ರಿಂದ 1961ರವರೆಗೆ ಕೆ.ಎಸ್. ತಿಮ್ಮಯ್ಯ ಆ ಹುದ್ದೆಯಲ್ಲಿದ್ದರು. ರೆಜಿಮೆಂಟಿನ ಹಾಕಿ, ಮೆಸ್ಸಿನ ಶಿಸ್ತು, ಮಾತಿನ ಇಂಗ್ಲಿಷ್, ಸಂಜೆಯ ಪಾನ, ನಿವೃತ್ತಿಯ ನಂತರದ ತೋಟ ಇವೆಲ್ಲ ಸೇರಿ ಒಂದು ಮೈಗುಣವಾಯಿತು. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ರಾಷ್ಟ್ರೀಯ ತಂಡದಲ್ಲಿ ಆಡಿದ ಮೇಲೆ ಅದು ಇಡೀ ಜಿಲ್ಲೆಯ ಹೆಮ್ಮೆಯಾಯಿತು. ಮಡಿಕೇರಿಯ ಸನ್ನಿಸೈಡ್ ಮನೆ 2021ರಲ್ಲಿ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವಾಗಿ ತೆರೆದಾಗ, ಒಂದು ವರ್ಗದ ಹ್ಯಾಬಿಟಸ್ ಪ್ರವಾಸಿಗರ ಪಟ್ಟಿಗೂ ಸೇರಿತು.

ದುಡಿ, ವಾಲಗ, ವೇದಿಕೆ

ಜಾನಪದ ಅಚ್ಚಿಗೆ ಇಳಿದ ಕಥೆ ಕೊಡಗಿನಲ್ಲಿ ಬೇಗನೇ ಆರಂಭವಾಗುತ್ತದೆ. ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಮದುವೆ, ಸಾವು, ಹಬ್ಬಗಳ ಹಾಡುಗಳನ್ನೂ ಪದ್ಧತಿಗಳನ್ನೂ ಕನ್ನಡ ಲಿಪಿಯಲ್ಲಿ ಕೂಡಿಸಿತು. ದುಡಿ ಹಿಡಿದ ನಾಲ್ವರು ಸಂದರ್ಭಕ್ಕೆ ತಕ್ಕಂತೆ ಕಟ್ಟುತ್ತ ಹೋಗುತ್ತಿದ್ದ ಹಾಡಾದ ಪಾಟ್‌ಗೆ ಅಲ್ಲಿಂದ ಮುಂದೆ ಒಂದು ಪ್ರಮಾಣ ಪಠ್ಯ ಸಿಕ್ಕಿತು. ಹರದಾಸ ಅಪ್ಪಚ್ಚಕವಿ (1868–1944) ಪೌರಾಣಿಕ ವಸ್ತುಗಳನ್ನು ಕೊಡವ ತಕ್ಕ್‌ನಲ್ಲಿ ನಾಟಕವಾಗಿಸಿ, ಕಂಪನಿ ನಾಟಕದ ಅಭಿರುಚಿಯನ್ನು ಈ ನುಡಿಗೆ ಒಗ್ಗಿಸಿದರು. 1972ರ ‘ನಾಡ ಮಣ್ಣ್ ನಾಡ ಕೂಳ್’ ಕೊಡವ ತಕ್ಕ್‌ನ ಮೊದಲ ಚಲನಚಿತ್ರ. 1994ರಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ, 2011ರಲ್ಲಿ ಅರೆಭಾಷೆ ಅಕಾಡೆಮಿ ಬಂದವು. 2023ರಲ್ಲಿ ಉಮ್ಮತ್ತಾಟ್ ಕುಣಿತದ ಕಲಾವಿದೆ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ದೊರೆಯಿತು. ಜನರ ಹಜಾರದಿಂದ ಪ್ರಭುತ್ವದ ವೇದಿಕೆಗೆ ಬಂದ ಕಲೆಗೆ ಸಿಗುವ ಈ ಮನ್ನಣೆಯನ್ನು ಬೋರ್ದಿಯೂ ಪ್ರತಿಷ್ಠಾಪನೆ ಎನ್ನುತ್ತಾರೆ. ಯಾವುದು ಕಲೆ ಎಂದು ಸಾರುವ ಅಧಿಕಾರ ಯಾರಿಗಿದೆ ಎಂಬುದೇ ಅಲ್ಲಿನ ಪ್ರಶ್ನೆ.

ಆ ಪ್ರಶ್ನೆಯನ್ನು ವಾಲಗಕ್ಕೂ ಕೇಳಬೇಕು. ಕೊಡವ ಮದುವೆಯ ಅತ್ಯಂತ ಜನಪ್ರಿಯ ಅಂಗ ವಾಲಗತ್ತಾಟ್. ಅದರ ಲಯ ಕೇಳಿದ ಕೂಡಲೇ ಬೆಂಗಳೂರಿನ ವಸಂತನಗರದ ಕೊಡವ ಸಮಾಜದ ಸಭಾಂಗಣದಲ್ಲೂ ಕಾಲುಗಳು ಏಳುತ್ತವೆ, ಯೂಟ್ಯೂಬಿನಲ್ಲಿ ಅದರ ಡಿಜೆ ರೂಪಗಳೂ ಇವೆ. ಕುಣಿಯುವವರು ಒಕ್ಕದವರು. ನುಡಿಸುತ್ತ ಬಂದವರು ಮೇದರು ಮತ್ತು ದಲಿತ ಸಮುದಾಯಗಳವರು. ಶ್ರೀನಿವಾಸರ ಗ್ರಂಥದಲ್ಲೂ ಮೇದರು ಬುಟ್ಟಿ ಹೆಣೆಯುವ, ವಾದ್ಯ ನುಡಿಸುವ ಜನರಾಗಿ ಬರುತ್ತಾರೆ. ಕೊಡವ ವಾಲಗ ಎಂಬ ಹೆಸರಿನಲ್ಲಿ ಕುಣಿತದ ಒಡೆತನವಿದೆ, ನುಡಿಸುವ ಕೈಯ ಗುರುತಿಲ್ಲ. ಜನಪ್ರಿಯತೆ ಹೆಚ್ಚಿದಷ್ಟೂ ಈ ಅಳಿಸುವಿಕೆಯೂ ಹೆಚ್ಚುವುದು ಕೊಡಗಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕದ ಬ್ಲೂಸ್ ಸಂಗೀತದ ಚರಿತ್ರೆಯ ದೊಡ್ಡ ಭಾಗ ಇದೇ.

ಸಂಸ್ಕೃತಿ ಉದ್ಯಮ

ಥಿಯೊಡರ್ ಅಡೋರ್ನೊ ಮತ್ತು ಮ್ಯಾಕ್ಸ್ ಹಾರ್ಕ್‌ಹೈಮರ್ 1940ರ ದಶಕದಲ್ಲಿ ರೂಪಿಸಿದ ಸಂಸ್ಕೃತಿ ಉದ್ಯಮ ಎಂಬ ಪರಿಕಲ್ಪನೆ ಅತ್ಯಂತ ಕಹಿಯಾದದ್ದು. ಅವರ ಪ್ರಕಾರ ಸಿನಿಮಾ, ರೇಡಿಯೊಗಳು ಕಾರ್ಖಾನೆಯ ಸರಕಿನಂತೆ ಒಂದೇ ಅಚ್ಚಿನವು. ಜನ ಅವುಗಳ ನಿಷ್ಕ್ರಿಯ ಗಿರಾಕಿಗಳು. ಮಡಿಕೇರಿ ದಸರಾದ ದಶಮಂಟಪಗಳನ್ನು ನೋಡಿದರೆ ಮಾತಿನ ಮೊದಲರ್ಧ ಹೌದೆನಿಸುತ್ತದೆ. ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗಗಳಿಂದ ಆರಂಭವಾಗುವ ಹಬ್ಬ ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳ ಪೈಪೋಟಿಯಾಗುತ್ತದೆ. ಟ್ರ್ಯಾಕ್ಟರುಗಳ ಮೇಲೆ ಚಲಿಸುವ ಅಸುರರು, ಹೊಗೆ, ಬೆಂಕಿ, ಲೇಸರ್, ಎದೆ ನಡುಗಿಸುವ ಧ್ವನಿವರ್ಧಕ. ಪುರಾಣದ ಕಥೆ ಸಿನಿಮಾದ ಕ್ಲೈಮ್ಯಾಕ್ಸಿನಂತೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ತೀರ್ಪುಗಾರರು ಅಂಕ ಕೊಡುತ್ತಾರೆ. ಮಾತಿನ ಎರಡನೇ ಅರ್ಧ ಹೊಂದುವುದಿಲ್ಲ. ಮಂಟಪ ಕಟ್ಟುವುದು ಬಡಾವಣೆಯ ಹುಡುಗರ ಸಮಿತಿ. ಚಂದಾ ಎತ್ತುವುದು, ಕಥೆ ಆರಿಸುವುದು, ಎದುರಾಳಿ ಮಂಟಪದ ಗುಟ್ಟು ತಿಳಿಯಲು ಹೊಂಚುವುದು ತಿಂಗಳುಗಟ್ಟಲೆ ನಡೆಯುತ್ತದೆ. ನಿಷ್ಕ್ರಿಯ ಗಿರಾಕಿಗಳು ಇಷ್ಟು ನಿದ್ದೆಗೆಡುವುದಿಲ್ಲ.

ಕನ್ನಡ ಸಿನಿಮಾ ಕೊಡಗನ್ನು ಬಳಸಿದ ರೀತಿಗೆ ಸ್ಟುವರ್ಟ್ ಹಾಲ್ ಅವರ 1973ರ ಸಂಕೇತನ–ವಿಸಂಕೇತನ ಸಿದ್ಧಾಂತ ಹೆಚ್ಚು ಹೊಂದುತ್ತದೆ. ನಿರ್ಮಾಪಕರು ಒಂದು ಅರ್ಥ ತುಂಬುತ್ತಾರೆ. ನೋಡುಗರು ಅದನ್ನು ಒಪ್ಪಬಹುದು, ಚೌಕಾಸಿ ಮಾಡಬಹುದು, ಎದುರಿಸಬಹುದು. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಚಿತ್ರದಲ್ಲಿ ವಿಷ್ಣುವರ್ಧನ್ ಕೊಡವ ಸೈನಿಕ ಅಚ್ಚಪ್ಪ. ರಾಜ್ಯದ ಬಹುಪಾಲು ನೋಡುಗರಿಗೆ ಕೊಡವ ಎಂದರೆ ಸಿಪಾಯಿ ಎಂಬ ಸಮೀಕರಣ ಗಟ್ಟಿಯಾದದ್ದು ಇಲ್ಲಿ. ಕೊಡಗಿನ ನೋಡುಗರು ಚಿತ್ರಕ್ಕೆ ಹೆಮ್ಮೆಪಟ್ಟು, ಉಡುಗೆಯಲ್ಲೋ ಮಾತಿನಲ್ಲೋ ಲೋಪ ಹುಡುಕಿದರೆ ಅದು ಚೌಕಾಸಿಯ ಓದು. ಇದೇ ಸಮೀಕರಣದ ಹಿಂದೆ, ಕೆಲವು ಜನಾಂಗಗಳು ಹುಟ್ಟಿನಿಂದಲೇ ಯೋಧರು ಎಂಬ ಬ್ರಿಟಿಷ್ ಸೇನಾನೀತಿಯ ನೆರಳಿದೆಯಲ್ಲ ಎಂದು ಕೇಳಿದರೆ ಅದು ಎದುರು ಓದು. ಎರಡೂ ಓದುಗಳು ಒಂದೇ ಮನೆಯಲ್ಲಿ, ಒಂದೇ ಸೋಫಾದಲ್ಲಿ ನಡೆಯಬಹುದು.

ಪ್ರವಾಸಿ ನೋಟ

ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಕೊಡಗಿನ ಹಸಿರನ್ನು ಹಾಡಾಗಿಸಿತು. ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ಮಡಿಕೇರಿಯನ್ನು ಬೆಂಗಳೂರಿನ ಯುವಜನರ ವಾರಾಂತ್ಯದ ಕನಸಾಗಿಸಿತು. ಜಾನ್ ಅರಿ 1990ರಲ್ಲಿ ಹೇಳಿದಂತೆ ಪ್ರವಾಸಿಯ ಕಣ್ಣು ಬರಿಗಣ್ಣಲ್ಲ. ಸಿನಿಮಾ, ಜಾಹೀರಾತು, ಫೋಟೊಗಳು ಮೊದಲೇ ಕಲಿಸಿಕೊಟ್ಟ ದೃಶ್ಯಗಳನ್ನು ಹುಡುಕಿಕೊಂಡು ಅದು ಬರುತ್ತದೆ, ಸಿಕ್ಕಿದಾಗ ಕ್ಲಿಕ್ಕಿಸಿಕೊಂಡು ಹೋಗುತ್ತದೆ. ಭಾರತದ ಸ್ಕಾಟ್ಲೆಂಡ್ ಎಂಬ ವಸಾಹತು ಕಾಲದ ಬಿರುದು ಇಂದಿಗೂ ಫಲಕಗಳಲ್ಲಿರುವುದು ಈ ಕಲಿಕೆಯ ಭಾಗ.

ಡೀನ್ ಮೆಕ್ಯಾನೆಲ್ 1973ರಲ್ಲಿ ವಿವರಿಸಿದ ರಂಗಸಜ್ಜಿತ ಅಸಲಿತನ ಹೋಮ್‌ಸ್ಟೇಗಳಲ್ಲಿ ನಿತ್ಯ ಕಾಣಸಿಗುತ್ತದೆ. ಎರ್ವಿಂಗ್ ಗೋಫ್‌ಮನ್ ಸಾಮಾಜಿಕ ಬದುಕನ್ನು ರಂಗದ ಮುಂಭಾಗ, ಹಿಂಭಾಗ ಎಂದು ವಿಂಗಡಿಸಿದ್ದರು. ಪ್ರವಾಸಿ ಬಯಸುವುದು ಹಿಂಭಾಗವನ್ನು, ಅಡುಗೆಮನೆಯನ್ನು, ನಿಜವಾದ ಕೊಡಗನ್ನು. ಹಾಗಾಗಿ ಅವನಿಗಾಗಿ ಹಿಂಭಾಗದಂತೆ ಕಾಣುವ ಇನ್ನೊಂದು ಮುಂಭಾಗ ಸಿದ್ಧವಾಗುತ್ತದೆ. ಮನೆಯಾಕೆ ನೂಪುಟ್ಟು ಒತ್ತುವುದನ್ನು ಅತಿಥಿಗಳು ನಿಂತು ನೋಡುತ್ತಾರೆ, ಮನೆಯವರು ಊಟ ಮಾಡುವುದು ಬೇರೆ ಹೊತ್ತಿಗೆ. ಇದನ್ನು ಮೋಸವೆಂದು ಜರೆಯುವುದು ಸುಲಭ. ಕಾಫಿ ಮತ್ತು ಕರಿಮೆಣಸಿನ ಬೆಲೆ ಕೈಕೊಟ್ಟ ವರ್ಷ ಮಕ್ಕಳ ಶುಲ್ಕ ಕಟ್ಟಿದ್ದು ಆ ಮುಂಭಾಗವೇ ಎಂದು ಬಲ್ಲವರಿಗೆ ಅಷ್ಟು ಸುಲಭವಲ್ಲ. ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಮಾತ್ರ ಒಂದು ವ್ಯಂಗ್ಯ ಉಳಿದೇ ಇರುತ್ತದೆ: ಭತ್ತದ ಗದ್ದೆಗಳು ಕಾಫಿಗೂ ನಿವೇಶನಗಳಿಗೂ ಕರಗುತ್ತಿರುವ ನಾಡಿನಲ್ಲಿ ಕೆಸರಾಟ ಏರುತ್ತಿದೆ.

ಯಾಜಮಾನ್ಯ, ಪ್ರಾತಿನಿಧ್ಯ, ಸ್ಮೃತಿ

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಇಡೀ ದೇಶದಲ್ಲಿ ಕೊಡವ ತಕ್ಕ್ ತಾಯ್ನುಡಿಯೆಂದು ಬರೆಸಿದವರು 1,13,857. ಅವರೆಲ್ಲರೂ ಜಿಲ್ಲೆಯಲ್ಲೇ ಇದ್ದರೆಂದುಕೊಂಡರೂ ಐದರಲ್ಲೊಬ್ಬರಾಗುತ್ತಾರೆ. ಕನ್ನಡ, ಮಲಯಾಳ, ಅರೆಭಾಷೆ, ತುಳು, ಎರವ, ಕುರುಬ ನುಡಿಗಳನ್ನಾಡುವವರು ಉಳಿದವರು. ಆದರೂ ಕೊಡಗು ಎಂದೊಡನೆ ಕಣ್ಣಿಗೆ ಬರುವುದು ಕುಪ್ಯ ತೊಟ್ಟ ಗಂಡು, ಹಿಂದಕ್ಕೆ ನೆರಿಗೆ ಇಟ್ಟ ಸೀರೆಯ ಹೆಣ್ಣು. ಅಂಟೋನಿಯೊ ಗ್ರಾಮ್‌ಶಿ ಯಾಜಮಾನ್ಯ ಎಂದು ಕರೆದದ್ದು ಬಲಪ್ರಯೋಗವಿಲ್ಲದೆ, ಒಪ್ಪಿಗೆಯ ಮೂಲಕ ಒಂದು ಗುಂಪಿನ ಲೋಕದೃಷ್ಟಿ ಎಲ್ಲರ ಸಾಮಾನ್ಯ ಜ್ಞಾನವಾಗುವುದನ್ನು. ಇಲ್ಲಿ ತೊಡಕಿರುವುದು ಎಲ್ಲಿ ಎಂದರೆ, ಜಿಲ್ಲೆಯೊಳಗೆ ಯಜಮಾನನಾಗಿ ಕಾಣುವ ಸಮುದಾಯ ರಾಜ್ಯದ ಮಟ್ಟದಲ್ಲಿ ನುಡಿ ಕಳೆದುಕೊಳ್ಳುವ ಭಯದ ಸಣ್ಣ ಅಲ್ಪಸಂಖ್ಯಾತ. 1956ರ ತನಕ ಪ್ರತ್ಯೇಕ ರಾಜ್ಯವಾಗಿದ್ದ ನೆನಪೂ ಅದಕ್ಕಿದೆ. ಯಾಜಮಾನ್ಯ ಮತ್ತು ಅಂಚು ಒಂದೇ ಮೈಯಲ್ಲಿರಬಹುದೆಂಬುದನ್ನು ಗ್ರಾಮ್‌ಶಿಯ ಅನುಯಾಯಿಗಳು ಇಲ್ಲಿ ಬಂದು ನೋಡಬೇಕು.

ಮಾರಿಸ್ ಹಾಲ್ಬ್‌ವಾಕ್ಸ್ ಅವರ ಸಾಮೂಹಿಕ ಸ್ಮೃತಿಯ ಪರಿಕಲ್ಪನೆಗೆ (1925) ಟಿಪ್ಪು ಜಯಂತಿಯ ವಿವಾದ ತಕ್ಕ ನಿದರ್ಶನ. 2015ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಅಧಿಕೃತ ಆಚರಣೆ ಮಡಿಕೇರಿಯಲ್ಲಿ ಸಾವಿಗೂ ಕಾರಣವಾಯಿತು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಮೈಸೂರಿನ ಪಠ್ಯದಲ್ಲಿ ವಸಾಹತುಶಾಹಿಯ ವಿರುದ್ಧದ ಹುಲಿಯಾದವನು ಕೊಡವರ ಹತ್ಯಾಕಾಂಡ ನಡೆಯಿತೆಂದು ಹೇಳುವ ದೇವಟ್ಟಿಪರಂಬುವಿನ ನೆನಪಿನಲ್ಲಿ ಬೇರೆಯೇ ಆಗಿದ್ದಾನೆ. ಹಾಲ್ಬ್‌ವಾಕ್ಸ್ ಪ್ರಕಾರ ಸ್ಮೃತಿ ವರ್ತಮಾನದ ಗುಂಪುಗಳ ಚೌಕಟ್ಟಿನಲ್ಲಿ ರೂಪುಗೊಳ್ಳುತ್ತದೆ. ಎರಡು ಶತಮಾನದ ಹಿಂದಿನ ಘಟನೆ ಪೋಸ್ಟರು, ಭಾಷಣ, ವಾಟ್ಸಾಪುಗಳಲ್ಲಿ ಈಗ ಹೆಚ್ಚು ಜೀವಂತವಾಗಿರುವುದಕ್ಕೆ ಇದೇ ಕಾರಣ.

ಕುಂಡೆ ಹಬ್ಬ

ಈ ಎಲ್ಲ ಚಿತ್ರಗಳಲ್ಲಿ ಕಾಣದ ತೋಟದ ಕೂಲಿಗಳು ವರ್ಷಕ್ಕೊಮ್ಮೆ ಮುಖ್ಯರಸ್ತೆಗೆ ಬರುತ್ತಾರೆ. ಮೇ ತಿಂಗಳಿನಲ್ಲಿ ಗೋಣಿಕೊಪ್ಪ ಸಮೀಪದ ದೇವರಪುರದಲ್ಲಿ ಜೇನುಕುರುಬ ಮತ್ತು ಎರವ ಸಮುದಾಯಗಳ ಬೇಡು ಹಬ್ಬ, ಅಂದರೆ ಕುಂಡೆ ಹಬ್ಬ. ಗಂಡಸರು ಹೆಣ್ಣುವೇಷ ತೊಟ್ಟು, ಮೈಗೆ ಬಣ್ಣ ಬಳಿದು, ಡಬ್ಬ ಬಡಿಯುತ್ತ, ಬಸ್ಸು ನಿಲ್ಲಿಸಿ, ಅಂಗಡಿಗೆ ನುಗ್ಗಿ ಕಾಸು ಕೇಳುತ್ತಾರೆ. ಅಶ್ಲೀಲ ಬೈಗುಳಗಳ ಹಾಡು ಎಲ್ಲರಿಗೂ ಸಲ್ಲುತ್ತದೆ: ತೋಟದ ಸಾಹುಕಾರನಿಗೆ, ಪೊಲೀಸಿಗೆ, ದೇವರಿಗೂ. ಬೇಟೆಗೆಂದು ತಮ್ಮನ್ನು ಕರೆದೊಯ್ದ ಅಯ್ಯಪ್ಪ ಭದ್ರಕಾಳಿಗೆ ಮರುಳಾಗಿ ಕಾಡಿನಲ್ಲಿ ಕೈಬಿಟ್ಟನೆಂಬುದು ದೇವರನ್ನು ಬೈಯಲು ಅವರು ಕೊಡುವ ಕಾರಣ. ಸಂಜೆ ದೇವಸ್ಥಾನದ ಮುಂದೆ ಕುಣಿದು ತಪ್ಪೊಪ್ಪಿ ಹಿಂದಿರುಗುತ್ತಾರೆ.

ಮಿಖಾಯಿಲ್ ಬಖ್ತಿನ್ 1965ರಲ್ಲಿ ಕಾರ್ನಿವಾಲ್ ಕುರಿತು ಹೇಳಿದ್ದೆಲ್ಲ ಇಲ್ಲಿದೆ: ಮೇಲು ಕೀಳಿನ ತಿರುವುಮುರುವು, ದೇಹದ ಕೆಳಭಾಗದ ನಗೆ, ಅಧಿಕಾರಕ್ಕೆ ಚಪ್ಪಾಳೆಯ ಬದಲು ಗೇಲಿ. ಮ್ಯಾಕ್ಸ್ ಗ್ಲಕ್‌ಮನ್ 1954ರಲ್ಲಿ ಆಫ್ರಿಕದ ಇಂಥ ಬಂಡಾಯದ ವಿಧಿಗಳ ಬಗ್ಗೆ ಎಚ್ಚರಿಸಿದ್ದು ಬೇರೆ. ಒಂದು ದಿನದ ಬೈಗುಳ ವರ್ಷದ ಉಳಿದ ದಿನಗಳ ವ್ಯವಸ್ಥೆಯನ್ನು ಗಟ್ಟಿಮಾಡುತ್ತದೆ ಎಂಬುದು ಅವರ ಅಂಬೋಣ. ದೇವರಪುರದಲ್ಲಿ ಗ್ಲಕ್‌ಮನ್ ಹೆಚ್ಚು ಸರಿಯೆನಿಸುತ್ತಾರೆ. ಕೂಲಿಯ ದರ ಆ ದಿನ ಚರ್ಚೆಗೆ ಬರುವುದಿಲ್ಲ. ಈಚೆಗೆ ಹಬ್ಬಕ್ಕೆ ಮೊಬೈಲ್ ಹಿಡಿದ ನೋಡುಗರು ಸೇರಿದ್ದಾರೆ. ಬೈಸಿಕೊಳ್ಳುವ ಸಾಹುಕಾರನಿಗೂ ಬೈಯುವ ಕೂಲಿಯವನಿಗೂ ಪರಸ್ಪರ ಪರಿಚಯವಿದ್ದಾಗ ಬೈಗುಳಕ್ಕೆ ಗುರಿಯಿತ್ತು. ಜಾಲತಾಣಕ್ಕೆ ಹೋದ ವಿಡಿಯೊದಲ್ಲಿ ಗುರಿ ಕಳಚಿ, ವೇಷ ಮಾತ್ರ ಉಳಿಯುತ್ತದೆ. ಅದರಡಿ ಬರುವ ಶೀರ್ಷಿಕೆಗಳು ‘ವಿಚಿತ್ರ ಹಬ್ಬ’ ಎನ್ನುತ್ತವೆ. ಆ ವಿಡಿಯೊಗಳನ್ನು ಜೇನುಕುರುಬ, ಎರವ ಹುಡುಗರೂ ತಮ್ಮದೇ ಫೋನಿನಿಂದ ಹಾಕತೊಡಗಿದ್ದಾರೆ, ಅವರ ಶೀರ್ಷಿಕೆಗಳು ಬೇರೆ.